ಹಾಸಿಗೆ ಆಮೇಲೆ, ಮೊದಲು ಮರೆ

(ಜಯನಗರದಲ್ಲಿ ಬೆಕ್ಕು ಸಾಕುವವರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಶೆಲ್ಟರಿಗೆ ಬೆಕ್ಕು ನೋಡಲು ಬರುವವರು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಮೇಲೆ ಬರುತ್ತಾರೆ. ತಿಂಡಿ ಮುಗಿಸಿ, ಮಕ್ಕಳನ್ನು ಹೊರಡಿಸಿ, ಹೆಬ್ಬಾಳದ ಫ್ಲೈಓವರ್ ದಾಟಿ ಬರುವಷ್ಟರಲ್ಲಿ ಅಷ್ಟು ಹೊತ್ತಾಗಿರುತ್ತದೆ. ಬಂದು ನೋಡಿದರೆ ಎಲ್ಲಾ ಬೆಕ್ಕುಗಳೂ ಮಲಗಿರುತ್ತವೆ. "ಮೇಡಂ, ಇವೆಲ್ಲಾ ಯಾಕೆ ಹೀಗೆ ಸುಸ್ತಾಗಿವೆ? ಆಟ ಆಡೋದು ಯಾವುದಾದ್ರೂ ಇದ್ರೆ ತೋರಿಸಿ" ಎನ್ನುತ್ತಾರೆ. ಮಕ್ಕಳು ಜಾಲರಿ ಬಡಿಯುತ್ತಾರೆ. ನಾನು ಮಕ್ಕಳ ಕೈ ಹಿಡಿದುಕೊಂಡು ನಗುತ್ತೇನೆ.

ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ಮಲಗುವ ಪ್ರಾಣಿ. ಅದರ ಚುರುಕು ಹೊತ್ತು ಬೆಳಗಿನ ಜಾವ ಮತ್ತು ಸಂಜೆ ಮುಸುಕುವ ಸಮಯ. ಅದು ಹಿಡಿಯಬೇಕಾದ ಇಲಿ, ಹೆಗ್ಗಣಗಳೂ ಹೆಚ್ಚಾಗಿ ಆಗಲೇ ಓಡಾಡುವುದು. ಹಾಗಾಗಿ ನಾವು ಶೆಲ್ಟರಿನ ಬಾಗಿಲು ತೆರೆದಿಡುವ ಹೊತ್ತು ಅದಕ್ಕೆ ನಡುರಾತ್ರಿ ಇದ್ದ ಹಾಗೆ. ಆಟ ನೋಡಬೇಕಿದ್ದರೆ ಸಂಜೆ ಐದೂವರೆಗೆ ಬನ್ನಿ. ಆದರೆ ಬೆಕ್ಕನ್ನು ಆರಿಸಿ ಮನೆಗೆ ಕರೆದುಕೊಂಡು ಹೋಗಬೇಕು ಅಂತಿದ್ದರೆ, ಮಲಗಿರುವಾಗಲೇ ನೋಡುವುದು ಒಳ್ಳೆಯದು. ಎಲ್ಲಿ ಮಲಗಿದೆ, ಹೇಗೆ ಮಲಗಿದೆ, ಯಾವುದಕ್ಕೆ ಬೆನ್ನು ಕೊಟ್ಟಿದೆ, ಇಷ್ಟು ನೋಡಿದರೆ ಅದರ ಸ್ಥಿತಿ ಮುಕ್ಕಾಲು ಪಾಲು ತಿಳಿಯುತ್ತದೆ. ಇವತ್ತು ನಾನು ಮಾತಾಡುವುದು ಅಷ್ಟರ ಬಗ್ಗೆ ಮಾತ್ರ.

ಮೊದಲನೆಯ ವಿಷಯ. ಕಣ್ಣು ಮುಚ್ಚಿದ ಬೆಕ್ಕೆಲ್ಲಾ ನಿದ್ದೆಯಲ್ಲಿರುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತ ಗಾದೆ ಇದೆ ಅಲ್ವಾ? ಶೆಲ್ಟರಿಗೆ ಹೊಸದಾಗಿ ಬಂದ ಬೆಕ್ಕು ಹಾಲನ್ನೂ ಮುಟ್ಟುವುದಿಲ್ಲ, ಊಟವನ್ನೂ ಮುಟ್ಟುವುದಿಲ್ಲ. ಕಣ್ಣನ್ನು ಮಾತ್ರ ಮುಚ್ಚಿಕೊಳ್ಳುತ್ತದೆ. ಗೂಡಿನ ಹಿಂದಿನ ಮೂಲೆಗೆ ಅಂಟಿಕೊಂಡು, ನಾಲ್ಕು ಕಾಲನ್ನೂ ಮೈಯಡಿಗೆ ಎಳೆದುಕೊಂಡು, ತಲೆ ತಗ್ಗಿಸಿ ಕೂತಿರುತ್ತದೆ. ನೋಡಿದವರು "ಅಯ್ಯೋ ಪಾಪ, ಎಷ್ಟು ಹಾಯಾಗಿ ಮಲಗಿದೆ" ಎನ್ನುತ್ತಾರೆ. ಕಿವಿ ನೋಡಿ. ಪಕ್ಕದ ಶೆಡ್ಡಿನಲ್ಲಿ ನಾಯಿ ಬೊಗಳಿದರೆ ಕಿವಿ ಆ ಕಡೆ ತಿರುಗುತ್ತದೆ. ಬಕೆಟ್ ಸದ್ದಾದರೆ ಈ ಕಡೆ ತಿರುಗುತ್ತದೆ. ಮೈ ಕಲ್ಲಿನ ಹಾಗೆ ಬಿಗಿಯಾಗಿರುತ್ತದೆ. ಓಡಲು ಜಾಗ ಇಲ್ಲ, ಅಡಗಲು ಮರೆ ಇಲ್ಲ. ಉಳಿದಿರುವುದು ಒಂದೇ ದಾರಿ, ತಾನು ಇಲ್ಲವೇ ಇಲ್ಲ ಎನ್ನುವಂತೆ ಇದ್ದುಬಿಡುವುದು. ನಡವಳಿಕೆ ಓದಿದವರು ಇದನ್ನು ನಟನೆಯ ನಿದ್ದೆ ಎನ್ನುತ್ತಾರೆ.

ಇದನ್ನು ಅಳೆಯಲು ಒಂದು ಪಟ್ಟಿ ಇದೆ. 1997ರಲ್ಲಿ ಸ್ವಿಟ್ಜರ್ಲೆಂಡಿನ ಕೆಸ್ಲರ್ ಮತ್ತು ಟರ್ನರ್ ಎನ್ನುವ ಇಬ್ಬರು ಬೆಕ್ಕಿನ ಒತ್ತಡವನ್ನು ಏಳು ಮೆಟ್ಟಿಲುಗಳಲ್ಲಿ ಬರೆದಿಟ್ಟರು. ಮೊದಲ ಮೆಟ್ಟಿಲಿನಲ್ಲಿ ಬೆಕ್ಕು ಪೂರ್ತಿ ಸಡಿಲ. ಏಳನೆಯದರಲ್ಲಿ ಪೂರ್ತಿ ಗಾಬರಿ. ಹೊಟ್ಟೆ, ಕಾಲು, ಬಾಲ, ತಲೆ, ಕಣ್ಣು, ಕಣ್ಣಿನ ಪಾಪೆ, ಕಿವಿ, ಮೀಸೆ, ಒಂದೊಂದನ್ನೂ ನೋಡಿ ಅಂಕ ಹಾಕುವುದು. ಬೆಕ್ಕನ್ನು ಮುಟ್ಟುವ ಅಗತ್ಯವೇ ಇಲ್ಲ. ದೂರ ನಿಂತು ನೋಡಿದರೆ ಸಾಕು. ಇದಕ್ಕೆ ಕಾಸು ಖರ್ಚಿಲ್ಲ, ಉಪಕರಣ ಬೇಡ. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಬೆಕ್ಕನ್ನು ಎತ್ತಿಕೊಳ್ಳುವುದು ಕಲಿಸುವ ಮೊದಲು ಈ ನೋಡುವುದನ್ನು ಕಲಿಸಬೇಕು ಅಂತ ನನ್ನ ಹಟ.

ಹಾಗಾದರೆ ನಿಜವಾದ ನಿದ್ದೆ ಹೇಗಿರುತ್ತದೆ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕನಸು ಬೀಳುವ ನಿದ್ದೆಯ ಬಗ್ಗೆ ಮನುಷ್ಯರಿಗೆ ಗೊತ್ತಾಗಿದ್ದರಲ್ಲಿ ದೊಡ್ಡ ಪಾಲು ಬೆಕ್ಕುಗಳಿಂದಲೇ. ಫ್ರಾನ್ಸಿನ ಲಿಯಾನ್ ನಗರದಲ್ಲಿ ಮಿಷೆಲ್ ಜುವೆ ಎನ್ನುವ ವಿಜ್ಞಾನಿ 1959ರ ಸುಮಾರಿಗೆ ಬೆಕ್ಕುಗಳನ್ನು ನೋಡುತ್ತಾ ಒಂದು ವಿಚಿತ್ರ ಕಂಡುಕೊಂಡರು. ನಿದ್ದೆಯ ಒಂದು ಹಂತದಲ್ಲಿ ಮಿದುಳು ಎಚ್ಚರ ಇರುವಾಗಿನಷ್ಟೇ ಚುರುಕಾಗಿರುತ್ತದೆ, ಕಣ್ಣಾಲಿಗಳು ರೆಪ್ಪೆಯೊಳಗೆ ಓಡಾಡುತ್ತವೆ, ಆದರೆ ಕತ್ತಿನ ಸ್ನಾಯು ಪೂರ್ತಿ ಸಡಿಲವಾಗಿಬಿಡುತ್ತದೆ. ಆ ಪ್ರಯೋಗಗಳಲ್ಲಿ ಬೆಕ್ಕುಗಳು ಪಟ್ಟ ಪಾಡು ಓದಿದರೆ ಮನಸ್ಸಿಗೆ ಹಿಂಸೆಯಾಗುತ್ತದೆ, ಅದು ಬೇರೆ ಮಾತು. ನಮಗೆ ಬೇಕಾದದ್ದು ಆ ಕತ್ತಿನ ಸುದ್ದಿ.

ಕತ್ತು ಸಡಿಲವಾದರೆ ತಲೆ ಎತ್ತಿಕೊಂಡು ಕೂರಲು ಆಗುವುದಿಲ್ಲ. ಅಂದರೆ ಕಾಲು ಮಡಚಿ, ತಲೆ ಎತ್ತಿ, ಬ್ರೆಡ್ಡಿನ ಹಾಗೆ ಕೂತ ಬೆಕ್ಕಿಗೆ ಹಗುರ ನಿದ್ದೆ ಸಿಗಬಹುದು, ಕನಸಿನ ನಿದ್ದೆ ಸಿಗುವುದಿಲ್ಲ. ಅದಕ್ಕೆ ತಲೆಯನ್ನು ಎಲ್ಲಾದರೂ ಇಡಬೇಕು, ಇಲ್ಲವೇ ಸುರುಳಿ ಸುತ್ತಿಕೊಳ್ಳಬೇಕು, ಇಲ್ಲವೇ ಮಗ್ಗುಲಾಗಬೇಕು. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕೂತುಕೊಂಡೇ ಹೋದವರಿಗೆ ಇದು ಗೊತ್ತಿರುತ್ತದೆ. ಇಡೀ ರಾತ್ರಿ ಕಣ್ಣು ಮುಚ್ಚಿರುತ್ತೇವೆ, ಬೆಳಿಗ್ಗೆ ಇಳಿದಾಗ ಮೈ ಮುರಿದುಹೋಗಿರುತ್ತದೆ. ಭಯದಲ್ಲಿರುವ ಬೆಕ್ಕು ದಿನಗಟ್ಟಲೆ ಹಾಗೆ ಇರುತ್ತದೆ. ಅದು ಒಂದು ದಿನ ಕಾಲು ಚಾಚಿ ಮಗ್ಗುಲಾಗಿ, ಮೀಸೆ ನಡುಗಿಸುತ್ತಾ, ಪಂಜ ಅಲ್ಲಾಡಿಸುತ್ತಾ ಮಲಗಿತು ಅಂದರೆ ನಮ್ಮಲ್ಲಿ ಅದೊಂದು ಸಣ್ಣ ಹಬ್ಬ. ಗೂಡು ತೊಳೆಯುವ ಅಕ್ಕ ಕೈ ಸನ್ನೆ ಮಾಡಿ ಎಲ್ಲರನ್ನೂ ಕರೆಯುತ್ತಾರೆ. "ಬಂದ್ ನೋಡ್ರಿ, ಮಜ್ಜಿಗೆ ಕನಸು ಕಾಣ್ತಾವ್ನೆ." ಮಜ್ಜಿಗೆ ಅಂದರೆ ಬಿಳಿ ಗಂಡು ಬೆಕ್ಕು.

ಈಗ ವಿಚಿತ್ರಗಳಲ್ಲಿ ಎಲ್ಲಕ್ಕಿಂತ ವಿಚಿತ್ರದ್ದು. ಶೆಲ್ಟರಿನಲ್ಲಿ ಕೆಲವು ಬೆಕ್ಕುಗಳು ಮಲದ ಟ್ರೇಯಲ್ಲೇ ಮಲಗುತ್ತವೆ. ಪಕ್ಕದಲ್ಲೇ ಒಗೆದ ಟವೆಲ್ ಹಾಸಿರುತ್ತೇವೆ. ಅದನ್ನು ಬಿಟ್ಟು ಮರಳಿನಲ್ಲಿ ಸುತ್ತಿಕೊಂಡು ಮಲಗುತ್ತದೆ. ಬೆಕ್ಕು ಶುಚಿಯಾದ ಪ್ರಾಣಿ ಅಂತ ಕೇಳಿ ಬೆಳೆದ ನಮಗೆ ಇದು ನೋಡಲು ಕಷ್ಟ. ಕೆಲವರು "ಬೀದಿ ಬೆಕ್ಕಲ್ವಾ, ಅಭ್ಯಾಸ ಇಲ್ಲ" ಎನ್ನುತ್ತಾರೆ. ಹಾಗೇನಿಲ್ಲ. ಸ್ಟೀಲ್ ಗೂಡಿನಲ್ಲಿ ನಾಲ್ಕು ಕಡೆ ಅಂಚು ಎದ್ದಿರುವ ಜಾಗ ಅದೊಂದೇ. ತನ್ನ ವಾಸನೆ ಇರುವ ಜಾಗವೂ ಅದೊಂದೇ. ಮೈಯನ್ನು ಅಂಚಿಗೆ ಒತ್ತಿ, ತಗ್ಗಿ ಕೂತರೆ ಅರ್ಧ ಮರೆ ಸಿಕ್ಕಿತು ಅಂತ ಅದರ ಲೆಕ್ಕ. ಟ್ರೇಯಲ್ಲಿ ಮಲಗಿದ ಬೆಕ್ಕು ನಮಗೆ ಹೇಳುತ್ತಿರುವುದು ಇಷ್ಟೇ: ಹಾಸಿಗೆ ಕೊಟ್ಟಿದ್ದೀರಿ, ಮರೆ ಕೊಟ್ಟಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಸಾಕುವವರಿಗೂ ಬೇಕು. ಗಂಡು ಬೆಕ್ಕು ಟ್ರೇ ಬಿಟ್ಟು ಏಳುತ್ತಿಲ್ಲ, ಮತ್ತೆ ಮತ್ತೆ ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ ಅಂದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಅದು ಒಂದೆರಡು ದಿನದಲ್ಲೇ ಪ್ರಾಣ ತೆಗೆಯುವ ತೊಂದರೆ. ನಾಳೆ ನೋಡೋಣ ಅನ್ನಬೇಡಿ, ಆಗಲೇ ಡಾಕ್ಟರ ಹತ್ತಿರ ಓಡಿ.

ಟ್ರೇ ಸಮಸ್ಯೆಗೆ ಮದ್ದು ಬಹಳ ಸುಲಭ. ರಟ್ಟಿನ ಡಬ್ಬ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಶೆಲ್ಟರಿಗೆ ಆಗತಾನೇ ಬಂದ 19 ಬೆಕ್ಕುಗಳು. 10ಕ್ಕೆ ಅಡಗಲು ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಮೂರು ನಾಲ್ಕನೇ ದಿನದ ಹೊತ್ತಿಗೆ ಡಬ್ಬ ಸಿಕ್ಕ ಬೆಕ್ಕುಗಳ ಒತ್ತಡ ಇಳಿದಿತ್ತು. ಡಬ್ಬ ಇಲ್ಲದವೂ ಎರಡು ವಾರ ಆಗುವಷ್ಟರಲ್ಲಿ ಹೆಚ್ಚು ಕಡಿಮೆ ಅಲ್ಲಿಗೆ ಬಂದವು. ಹಾಗಾದರೆ ಕಾಯಬಹುದಲ್ಲ ಅಂತ ಕೇಳಬಹುದು. ಕಾಯುವಷ್ಟರಲ್ಲಿ ಶೀತ ಹಿಡಿಯುತ್ತದೆ. ಬಹಳಷ್ಟು ಬೆಕ್ಕುಗಳ ಮೈಯಲ್ಲಿ ಹರ್ಪಿಸ್ ಜಾತಿಯ ಒಂದು ವೈರಸ್ ಸುಮ್ನೆ ಮಲಗಿರುತ್ತದೆ. ಒತ್ತಡ ಜಾಸ್ತಿಯಾದರೆ ಅದು ಏಳುತ್ತದೆ. ಸೀನು, ಕಣ್ಣಲ್ಲಿ ನೀರು, ಮೂಗು ಕಟ್ಟುವುದು. ಮೂಗು ಕಟ್ಟಿದ ಬೆಕ್ಕಿಗೆ ಊಟದ ವಾಸನೆ ಗೊತ್ತಾಗುವುದಿಲ್ಲ, ವಾಸನೆ ಗೊತ್ತಾಗದಿದ್ದರೆ ತಿನ್ನುವುದೇ ಇಲ್ಲ. ಒಂದು ಗೂಡಿಗೆ ಹತ್ತಿದ್ದು ಸಾಲಿಗೇ ಹತ್ತುತ್ತದೆ. ಬಿಸಾಡುವ ಸೇಬಿನ ಡಬ್ಬಕ್ಕೆ ಇಷ್ಟು ಬೆಲೆ ಇದೆ.

ಡಬ್ಬದ ಇನ್ನೊಂದು ಗುಣ ಬೆಚ್ಚಗಿರುವುದು. ಬೆಕ್ಕಿಗೆ ಮೈ ಕಾಯಿಸಲು ಶ್ರಮವೇ ಬೇಡದ ವಾತಾವರಣ ಅಂದರೆ 30ರಿಂದ 38 ಡಿಗ್ರಿ. ನಾವು ಫ್ಯಾನ್ ಹಾಕಿಕೊಂಡು ಶಪಿಸುವ ಸೆಖೆ ಅದಕ್ಕೆ ಹಿತ. ಹಿಂದೆ ಸೌದೆ ಒಲೆಯ ಬಿಸಿ ಬೂದಿಯಲ್ಲಿ ಬೆಕ್ಕು ಹೋಗಿ ಮಲಗುತ್ತಿದ್ದದ್ದು ಅದಕ್ಕೇ. ಈಗ ಸೆಟ್‌ಟಾಪ್ ಬಾಕ್ಸ್ ಮೇಲೆ, ವೈಫೈ ಡಬ್ಬದ ಮೇಲೆ, ಈಗಷ್ಟೇ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಮಲಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಜನವರಿ ರಾತ್ರಿಗಳಲ್ಲಿ ಸುಮಾರು 15 ಡಿಗ್ರಿಗೆ ಇಳಿಯುತ್ತದೆ. ನಮಗೆ ಒಂದು ಸ್ವೆಟರಿನ ಚಳಿ. ಸ್ಟೀಲ್ ತಳದ ಗೂಡಿನಲ್ಲಿ, ಸಿಮೆಂಟು ನೆಲದಲ್ಲಿ ಮಲಗುವ ಬೆಕ್ಕಿಗೆ ಅದು ರಾತ್ರಿಯಿಡೀ ಮೈ ಕಾಯಿಸಿಕೊಳ್ಳುವ ಕೆಲಸ. ಡಬ್ಬದೊಳಗೆ ನಾಲ್ಕು ಪದರ ದಿನಪತ್ರಿಕೆ, ಮೇಲೊಂದು ಹಳೇ ಕಾಟನ್ ಸೀರೆಯ ತುಂಡು ಹಾಕಿದರೆ ಅದರ ಮೈಶಾಖವೇ ಅದನ್ನು ಬೆಚ್ಚಗಿಡುತ್ತದೆ. ಹುಟ್ಟಿ ಒಂದೆರಡು ವಾರದ ಮರಿಗಳಿಗೆ ಇದೂ ಸಾಲದು. ಅವಕ್ಕೆ ತಮ್ಮ ಮೈ ಶಾಖ ತಾವೇ ಕಾಪಾಡಿಕೊಳ್ಳಲು ಬರುವುದಿಲ್ಲ. ಅದಕ್ಕೇ ಒಂದರ ಮೇಲೊಂದು ಗುಡ್ಡೆ ಬಿದ್ದು ಮಲಗುವುದು. ಫೋಟೋ ಚೆನ್ನಾಗಿ ಬರುತ್ತದೆ ನಿಜ. ಆದರೆ ತಾಯಿಯಿಲ್ಲದ ಮರಿಗಳ ಗುಡ್ಡೆಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಬೇಕೇ ಬೇಕು. ಬಾಟಲಿ ತಣ್ಣಗಾದ ಮೇಲೆ ಅದೇ ಮರಿಗಳ ಶಾಖ ಹೀರುತ್ತದೆ, ಬದಲಾಯಿಸುತ್ತಿರಬೇಕು.

ಶುಚಿತ್ವದ ವಿಷಯಕ್ಕೆ ಬಂದರೆ ನಾನು ಕೆಲವರ ಜೊತೆ ಜಗಳವನ್ನೇ ಆಡಿದ್ದೇನೆ. ಸೇವೆ ಮಾಡಲು ಬಂದವರು ಪಾಪ ಒಳ್ಳೆಯ ಮನಸ್ಸಿನಿಂದ ದಿನಾ ಬೆಳಿಗ್ಗೆ ಎಲ್ಲವನ್ನೂ ತೆಗೆದು ಒಗೆಯಲು ಹಾಕುತ್ತಾರೆ, ಗೂಡನ್ನು ಉಜ್ಜಿ ತೊಳೆಯುತ್ತಾರೆ. ಬೆಕ್ಕು ಕೆನ್ನೆ ಉಜ್ಜಿ, ಮೈ ಉಜ್ಜಿ ಆ ಬಟ್ಟೆಯ ಮೇಲೆ ತನ್ನ ವಾಸನೆ ಹಚ್ಚಿರುತ್ತದೆ. ಇದು ನನ್ನ ಜಾಗ ಎನ್ನುವ ಧೈರ್ಯ ಅದಕ್ಕೆ ಬರುವುದು ಆ ವಾಸನೆಯಿಂದ. ನಾವು ದಿನಾ ಅದನ್ನು ಒಗೆದುಬಿಟ್ಟರೆ ಬೆಕ್ಕು ದಿನಾ ಹೊಸ ಶೆಲ್ಟರಿಗೆ ಬಂದ ಹಾಗೆ. ಅದೇ ಬೆಕ್ಕು ಅದೇ ಗೂಡಿನಲ್ಲಿ ಇರುವಷ್ಟು ದಿನ, ಗಲೀಜಾದದ್ದನ್ನು ಮಾತ್ರ ತೆಗೆದು ಒರೆಸಿದರೆ ಸಾಕು. ಬೇರೆ ಬೆಕ್ಕು ಬರುವಾಗ ಪೂರ್ತಿ ತೊಳೆಯಿರಿ, ಡಬ್ಬವನ್ನು ಬಿಸಾಡಿ. ಮರಿಗಳ ಜೀವ ತೆಗೆಯುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಒಂದು ವರ್ಷದವರೆಗೂ ಸಾಯದೆ ಕೂತಿರಬಲ್ಲದು. ರಟ್ಟನ್ನು ತೊಳೆಯಲಾಗುವುದಿಲ್ಲ, ಹಾಗಾಗಿ ಒಬ್ಬರ ಡಬ್ಬ ಇನ್ನೊಬ್ಬರಿಗೆ ಇಲ್ಲ.

ಮತ್ತೆ ಫಿನಾಯಿಲ್. ದಯವಿಟ್ಟು ಬೆಕ್ಕಿರುವ ಕಡೆ ಫಿನಾಯಿಲ್ ಬೇಡ. ನಮ್ಮ ಊರಿನಲ್ಲಿ ನೆಲ ಅಂದರೆ ಫಿನಾಯಿಲ್, ಆ ವಾಸನೆ ಬಂದರೇನೇ ಸ್ವಚ್ಛ ಅನ್ನಿಸುವುದು. ಫೀನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ನೆಲ ತುಳಿದ ಪಂಜವನ್ನು ಆಮೇಲೆ ಕೂತು ನೆಕ್ಕುತ್ತದೆ. ನೀರು ಬೆರೆಸಿದ ಬ್ಲೀಚ್ ಹಾಕಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಒಣಗಿದ ಮೇಲೆ ಬೆಕ್ಕನ್ನು ಬಿಡಿ.

ಜಾಗದ ಬಗ್ಗೆ ಎರಡು ಮಾತು. ಅಮೆರಿಕದ ಶೆಲ್ಟರ್ ಪಶುವೈದ್ಯರ ಸಂಘ 2010ರಲ್ಲಿ ಒಂದು ಮಾರ್ಗಸೂಚಿ ತಂದಿತು. ಊಟದ ತಟ್ಟೆ, ಟ್ರೇ, ಮಲಗುವ ಜಾಗ, ಈ ಮೂರರ ನಡುವೆ ಕನಿಷ್ಠ ಎರಡಡಿ ಅಂತರ ಇರಬೇಕು ಎನ್ನುತ್ತದೆ ಅದು. ಸಣ್ಣ ಗೂಡಿನಲ್ಲಿ ಇದು ಆಗದ ಮಾತು. ಆದರೆ ಅಕ್ಕಪಕ್ಕದ ಎರಡು ಗೂಡಿನ ನಡುವೆ ಒಂದು ಕಿಂಡಿ ಕೊರೆದರೆ ಆಗುತ್ತದೆ. ಒಂದರಲ್ಲಿ ಊಟ ಮತ್ತು ಡಬ್ಬ, ಇನ್ನೊಂದರಲ್ಲಿ ಟ್ರೇ. ಗೂಡು ಅರ್ಧಕ್ಕೆ ಇಳಿಯುತ್ತದಲ್ಲ ಅಂತ ಟ್ರಸ್ಟಿಗಳು ಮುಖ ಸಣ್ಣದು ಮಾಡುತ್ತಾರೆ. ಕಾಯಿಲೆ ಬೀಳುವ ಬೆಕ್ಕುಗಳೂ ಕಡಿಮೆಯಾಗುತ್ತವೆ, ಔಷಧಿ ಬಿಲ್ಲನ್ನೂ ಪಕ್ಕದಲ್ಲಿಟ್ಟು ಲೆಕ್ಕ ಮಾಡಿ ಅಂತ ನನ್ನ ಉತ್ತರ.

ದೊಡ್ಡ ಕೋಣೆಯಲ್ಲಿ ಹಲವು ಬೆಕ್ಕು ಒಟ್ಟಿಗಿದ್ದಾಗ ಇನ್ನೊಂದು ತಮಾಷೆ ನೋಡಬಹುದು. ಗೋಡೆಗೆ ಹೊಡೆದ ಹಲಗೆಗಳಲ್ಲಿ ಕಿಟಕಿ ಪಕ್ಕದ ಒಂದು ಹಲಗೆಗೆ ಎಲ್ಲಿಲ್ಲದ ಬೇಡಿಕೆ. ಬೆಳಿಗ್ಗೆ ಅಲ್ಲಿ ಒಂದು ಬೆಕ್ಕು, ಮಧ್ಯಾಹ್ನ ಇನ್ನೊಂದು. ಜಗಳ ಇಲ್ಲ, ಗುರುಗುಟ್ಟುವುದಿಲ್ಲ, ಹೊತ್ತು ಹಂಚಿಕೊಂಡಿರುತ್ತವೆ. ಒಂದಕ್ಕೊಂದು ಆಗದ ಬೆಕ್ಕುಗಳೂ ಹೀಗೆ ಒಂದೇ ಜಾಗ ಬಳಸುತ್ತವೆ. ಹೊಂದಿಕೊಂಡವು ಮಾತ್ರ ಒಂದರ ಹೊಟ್ಟೆ ಮೇಲೆ ಇನ್ನೊಂದರ ತಲೆ ಇಟ್ಟು ಮಲಗುತ್ತವೆ. ದತ್ತು ಕೊಡುವಾಗ ನಾವು ಹೀಗೆ ಮಲಗುವ ಜೋಡಿಯನ್ನು ಸಾಧ್ಯವಾದಷ್ಟೂ ಬಿಡಿಸುವುದಿಲ್ಲ.

ಭಂಗಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಮೊಬೈಲಿನಲ್ಲಿ ನೀವು ಇದನ್ನು ಬೇಕಾದಷ್ಟು ನೋಡಿರುತ್ತೀರಿ. ಹೊಟ್ಟೆ ಮೇಲೆ ಮಾಡಿ ಮಲಗಿದರೆ ನಿಮ್ಮ ಮೇಲೆ ನಂಬಿಕೆ ಇದೆ ಅಂತ ಅರ್ಥ. ಹೊಟ್ಟೆ ಉಜ್ಜಿ ಅಂತ ಅರ್ಥ ಅಲ್ಲ, ಕೈ ಹಾಕಿದರೆ ಪರಚುತ್ತದೆ. ಗುರ್‌ಗುಟ್ಟುತ್ತಾ ಮಲಗಿದರೆ ಖುಷಿ ಇರಬಹುದು, ನೋವೂ ಇರಬಹುದು. ಎಡಮಗ್ಗುಲ ವಿಚಾರ 2025ರಲ್ಲಿ ಸುದ್ದಿಯಾಯಿತು. ಯೂಟ್ಯೂಬಿನ 408 ವಿಡಿಯೋ ನೋಡಿದ ಸಂಶೋಧಕರಿಗೆ ಸುಮಾರು ಮೂರರಲ್ಲಿ ಎರಡು ಬೆಕ್ಕು ಎಡಮಗ್ಗುಲಲ್ಲಿ ಮಲಗಿದ್ದು ಕಂಡಿತು. ಎದ್ದ ಕೂಡಲೇ ಎಡಗಡೆಯ ನೋಟ ಮಿದುಳಿನ ಬಲಭಾಗಕ್ಕೆ ಹೋಗುತ್ತದೆ, ಅಪಾಯ ಗುರುತಿಸುವುದರಲ್ಲಿ ಆ ಭಾಗ ಮುಂದು ಅಂತ ಅವರ ಊಹೆ. ಇರಬಹುದು. ಶೆಲ್ಟರಿನ ಬೆಕ್ಕು ಮಾತ್ರ ಗೋಡೆ ಯಾವ ಕಡೆ ಇದೆ ನೋಡಿ ಮಗ್ಗುಲು ಆರಿಸುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇನ್ನು ಬೆಕ್ಕು ನಿಮ್ಮ ಮನೆಗೆ ಬಂದಮೇಲೆ. ಮೊದಲ ದಿನಗಳಲ್ಲಿ ಅದು ಮಂಚದ ಕೆಳಗೆ, ಫ್ರಿಜ್ಜಿನ ಹಿಂದೆ, ಬೀರುವಿನ ಮೇಲೆ ಹೋಗಿ ಕೂರುತ್ತದೆ. ಎಳೆಯಬೇಡಿ. ಒಂದೇ ಕೋಣೆ ಬಿಟ್ಟುಕೊಡಿ, ಶೆಲ್ಟರಿನಲ್ಲಿ ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಹಾಗೇ ಹಾಸಿ. ನಾವು ಬಟ್ಟೆ ಕೊಟ್ಟು ಕಳಿಸುವುದು ಅದಕ್ಕೇ. ಆ ಕೋಣೆಯಲ್ಲಿ ಸುಮ್ನೆ ಕೂತು ಪೇಪರ್ ಓದಿ. ಅದು ನಿಮ್ಮನ್ನು ನೋಡಿದಾಗ ನಿಧಾನಕ್ಕೆ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಹೀಗೆ ಮಾಡಿದವರ ಹತ್ತಿರ ಬೆಕ್ಕುಗಳು ಹೆಚ್ಚು ಬಂದವು. ದೀಪಾವಳಿಗೆ ಹತ್ತಿರ ಇರುವ ವಾರಗಳಲ್ಲಿ ದತ್ತು ಬೇಡ, ಪಟಾಕಿ ಮುಗಿಯಲಿ. ಅಪಾರ್ಟ್‌ಮೆಂಟಿನವರು ಬಾಲ್ಕನಿಗೆ, ಕಿಟಕಿಗೆ ಬಲೆ ಹಾಕಿಸಿ. ಬೆಕ್ಕು ಗ್ರಿಲ್ಲಿನಾಚೆಯ ಕಟ್ಟೆ ಮೇಲೆ ಬಿಸಿಲಿಗೆ ಮಲಗುತ್ತದೆ, ಪಾರಿವಾಳ ಬಂದಾಗ ಎಲ್ಲಿದ್ದೇನೆ ಎನ್ನುವುದನ್ನೇ ಮರೆಯುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ನಮ್ಮನೇದು ಹದಿಮೂರು ವರ್ಷದ್ದಮ್ಮ. ಮೊದಲೆಲ್ಲಾ ಬೀರು ಮೇಲೆ ಮಲಗ್ತಿತ್ತು. ಈಗ ಬಾಗಿಲ ಹತ್ರ ಕಾಲೊರೆಸೋ ಮ್ಯಾಟ್ ಮೇಲೇ ಬಿದ್ದಿರುತ್ತೆ. ವಯಸ್ಸಾಯ್ತು, ಅದಕ್ಕೂ ಬುದ್ಧಿ ಬಂತು ಅನ್ಕೊಂಡಿದ್ದೀನಿ."

ಬುದ್ಧಿ ಬಂದಿರಲಿಕ್ಕಿಲ್ಲ ಸರ್, ಮೊಣಕಾಲು ನೋಯುತ್ತಿರಬಹುದು ಎಂದೆ. 2002ರಲ್ಲಿ ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದರು. 90ರಲ್ಲಿ ಕೀಲು ಸವೆದಿತ್ತು. ಬೆಕ್ಕು ಕುಂಟುವುದಿಲ್ಲ, ಕೂಗುವುದಿಲ್ಲ. ಹತ್ತುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಮಲಗುವ ಜಾಗ ಇದ್ದಕ್ಕಿದ್ದಂತೆ ಬದಲಾದರೆ ಯಾವ ವಯಸ್ಸಿನ ಬೆಕ್ಕಾದರೂ ಡಾಕ್ಟರಿಗೆ ತೋರಿಸಿ. ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ. ಒಂದೇ ಒಂದು ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲಬಹುದು. ಬೀರುವಿನ ಪಕ್ಕ ಒಂದು ಸ್ಟೂಲು, ಒಂದು ಕುರ್ಚಿ ಮೆಟ್ಟಿಲಿನ ಹಾಗೆ ಇಟ್ಟು ನೋಡಿ, ಮತ್ತೆ ಹತ್ತಿದರೂ ಹತ್ತೀತು.

ಇನ್ನೊಬ್ಬರು ಶೆಲ್ಟರಿಗೆ ಏನು ತಂದುಕೊಡಬಹುದು ಎಂದು ಕೇಳಿದರು. ಅಂಗಡಿಯ ದುಬಾರಿ ಬೆಕ್ಕಿನ ಹಾಸಿಗೆ ಬೇಡ. ದಿಂಬೂ ಬೇಡ, ಒದ್ದೆಯಾದರೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ನೂಲು ಎದ್ದ ಟವೆಲ್ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಹಳೇ ಕಾಟನ್ ಸೀರೆ, ಪಂಚೆ, ಬೆಡ್‌ಶೀಟ್, ಹಳೇ ಪೇಪರ್ ಎಷ್ಟಿದ್ದರೂ ಬೇಕು. ರಟ್ಟಿನ ಡಬ್ಬ ದೊಡ್ಡದಿರಲಿ, ಬೆಕ್ಕು ಒಳಗೆ ಒಂದು ಸುತ್ತು ತಿರುಗುವಷ್ಟು. ಪಿನ್ನು ಕಿತ್ತು, ಟೇಪು ತೆಗೆದು, ಮಡಚಿ ತನ್ನಿ. ಭಾನುವಾರ ಮಾತ್ರ ಬೇಡ, ಅವತ್ತು ಜನ ಜಾಸ್ತಿ. ವಾರದ ನಡುವೆ ಸಂಜೆ ಬಂದರೆ ಡಬ್ಬವನ್ನು ನೀವೇ ಗೂಡಿನಲ್ಲಿಟ್ಟು, ಯಾರು ಮೊದಲು ನುಗ್ಗುತ್ತಾರೆ ಅಂತ ನೋಡಬಹುದು.